ಫೋರ್ ಬೈ ಫೋರ್ ಗಾಡಿಯ ಭಾರದ ಚಕ್ರ: ಒಬ್ಬರೇ ಬದಲಿಸುವುದು ಹೇಗೆ, ಐದನ್ನೂ ಸರದಿಯಲ್ಲಿ ಓಡಿಸುವುದು ಹೇಗೆ

ಪುಣೆ, ಮುಂಬೈ, ಗೋವಾದಿಂದ ಊರಿಗೆ ಹೊರಡುವ ಕಾಲ ಬಂತೆಂದರೆ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಒಂದು: "ಥಾರ್ ತಗೊಂಡಿದ್ದೇನೆ. ಚಕ್ರ ಎತ್ತೋಕೇ ಆಗಲ್ಲ. ಘಾಟಿಯಲ್ಲಿ ಪಂಕ್ಚರ್ ಆದರೆ ಒಬ್ಬನೇ ಏನು ಮಾಡಲಿ?" ಇನ್ನೊಂದು: "ಸ್ಟೆಪ್ನಿ ಇನ್ನೂ ಹೊಸದಾಗಿಯೇ ಇದೆ. ಹಾಗೇ ಇಟ್ಟುಕೊಳ್ಳಲಾ, ರೊಟೇಶನ್‌ಗೆ ಸೇರಿಸಲಾ?"

ಮೊದಲನೆಯದಕ್ಕೆ ಉತ್ತರ: ಎತ್ತಬೇಡಿ. ಉರುಳಿಸಿ, ಮೀಟಿ. ಎರಡನೆಯದಕ್ಕೆ: ಖಂಡಿತ ಸೇರಿಸಿ. ರೊಟೇಶನ್ ಅಂದರೆ ಚಕ್ರಗಳ ಜಾಗವನ್ನು ಸರದಿಯಲ್ಲಿ ಬದಲಿಸುವುದು. ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಲ್ಲ ಈ ಗಾಡಿಗಳಲ್ಲಿ ಐದೂ ಚಕ್ರ ಒಟ್ಟಿಗೆ ಸವೆಯಬೇಕು. ಅದು ಯಾಕೆ ಅನ್ನುವುದನ್ನು ರೊಟೇಶನ್ ಭಾಗದಲ್ಲಿ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಸಣ್ಣ ಕಾರಿನ ಚಕ್ರ 12-15 ಕೆ.ಜಿ. ಇರುತ್ತದೆ. ಥಾರ್, ಗೂರ್ಖಾ, ಫಾರ್ಚೂನರ್, ಸ್ಕಾರ್ಪಿಯೋ-ಎನ್ ಗಾಡಿಗಳದ್ದು ರಿಮ್ ಮತ್ತು ಟೈರ್ ಸೇರಿ ಸುಮಾರು 25ರಿಂದ 35 ಕೆ.ಜಿ. ಮಣ್ಣುದಾರಿಗೆಂದು ದಪ್ಪ ಗುಬ್ಬಿಯ (ಟೈರ್ ಮೇಲ್ಮೈಯ ರಬ್ಬರ್ ಉಬ್ಬುಗಳ) ಟೈರ್ ಹಾಕಿಸಿದ್ದರೆ ಇನ್ನೂ ಜಾಸ್ತಿ. ಬಗ್ಗಿ ನಿಂತು ಕೈಯಲ್ಲೇ ಎತ್ತಲು ಹೋದರೆ ಸೊಂಟ ಹಿಡಿದುಕೊಳ್ಳುತ್ತದೆ. ಇದು ಗಟ್ಟಿಮುಟ್ಟಾದವರಿಗೂ ಅನ್ವಯಿಸುತ್ತದೆ.

ಗಾಡಿಯಲ್ಲಿ ಏನೇನು ಇರಬೇಕು

ಕಂಪನಿ ಕೊಟ್ಟ ಜಾಕಿ ಮತ್ತು ವೀಲ್ ಪಾನಾ ಇದ್ದೇ ಇರುತ್ತವೆ. ಅವಷ್ಟೇ ಸಾಲುವುದಿಲ್ಲ. ಇವನ್ನೂ ಸೇರಿಸಿಕೊಳ್ಳಿ:

- ಒಂದು ಅಡಿ ಚೌಕದ, ಒಂದು ಇಂಚಾದರೂ ದಪ್ಪವಿರುವ ಗಟ್ಟಿ ಹಲಗೆ. ಜಾಕಿಯ ಕೆಳಗೆ ಇಡಲು.
- ಚಕ್ರಕ್ಕೆ ಅಡ್ಡ ಕೊಡಲು ಎರಡು ಮರದ ದಿಮ್ಮಿ.
- ಪಾನಾದ ಹಿಡಿಗೆ ಕೂರುವ ಎರಡು ಅಡಿ ಉದ್ದದ ಕಬ್ಬಿಣದ ಪೈಪ್.
- ಸಣ್ಣ ಹಾರೆ ಅಥವಾ ಗಟ್ಟಿ ಹಿಡಿಯ ಸಲಿಕೆ.
- ತಂತಿ ಬ್ರಷ್, ಕೈಗವಸು, ತಲೆಗೆ ಕಟ್ಟುವ ಟಾರ್ಚ್, ಎಚ್ಚರಿಕೆಯ ತ್ರಿಕೋನ.
- ಗಾಳಿ ಅಳೆಯುವ ಗೇಜ್.

ದೊಡ್ಡ ಟೈರ್ ಹಾಕಿಸಿದವರು ಒಂದು ಮಾತು ನೆನಪಿಡಿ. ಗಾಡಿಯ ಎತ್ತರ ಹೆಚ್ಚಿದರೂ ಜಾಕಿ ಹಳೆಯದೇ. ಪೂರ್ತಿ ಎತ್ತಿದರೂ ಚಕ್ರ ನೆಲ ಬಿಡದೇ ಇರಬಹುದು. ಮನೆ ಮುಂದೆಯೇ ಒಮ್ಮೆ ಎತ್ತಿ ನೋಡಿ. ಸಾಲದಿದ್ದರೆ 3 ಟನ್‌ನ ಬಾಟಲ್ ಜಾಕಿ ತೆಗೆದುಕೊಳ್ಳಿ. ಇದು ಎಣ್ಣೆಯ ಒತ್ತಡದಿಂದ ಏಳುವ, ನೆಟ್ಟಗೆ ನಿಲ್ಲುವ ಜಾಕಿ.

ರಿಮ್‌ಗೆ ಲಾಕ್ ನಟ್ ಇದ್ದರೆ, ಅಂದರೆ ಕಳ್ಳತನ ತಡೆಯಲು ಹಾಕುವ ವಿಶೇಷ ನಟ್ ಇದ್ದರೆ, ಅದರ ಕೀಲಿ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲೇ ಇರಲಿ. ಸರ್ವಿಸ್‌ಗೆ ಕೊಟ್ಟು ವಾಪಸ್ ತರುವಾಗ ಅದು ಇದೆಯಾ ಅಂತ ಮೊದಲು ನೋಡಿ. ಅದು ಕಳೆದುಹೋದರೆ ಜೊತೆಗಿರುವ ಬೇರೆ ಯಾವ ಸಾಮಾನೂ ಉಪಯೋಗಕ್ಕೆ ಬರುವುದಿಲ್ಲ.

ಚಕ್ರ ಬದಲಿಸುವ ಕ್ರಮ

1. ಜಾಗ ನೋಡಿ. ಟೈರ್ ಹಾಳಾದರೂ ಪರವಾಗಿಲ್ಲ, ನಿಧಾನವಾಗಿ ಮುಂದೆ ಹೋಗಿ ಸಮತಟ್ಟಾದ ಜಾಗ ಹುಡುಕಿ. ಟೈರ್ ಮತ್ತೆ ಕೊಳ್ಳಬಹುದು. ಅಂಬೋಲಿ, ಚೋರ್ಲಾ, ತಾಮ್ಹಿಣಿ ಘಾಟಿಗಳ ತಿರುವಿನಲ್ಲಂತೂ ನಿಲ್ಲಲೇಬೇಡಿ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಲಾರಿಗಳು ಹಾಯುವ ಬದಿಯ ಚಕ್ರ ಪಂಕ್ಚರ್ ಆಗಿದ್ದರೆ ನೀವೇ ಕೂತು ಬಿಚ್ಚುವ ಸಾಹಸ ಬೇಡ. ಎಲ್ಲರನ್ನೂ ಇಳಿಸಿ, ತಡೆಬೇಲಿಯ ಆಚೆ ನಿಲ್ಲಿಸಿ, ಸಹಾಯಕ್ಕೆ ಫೋನ್ ಮಾಡಿ. ತುರ್ತಿಗೆ 112 ಇದೆ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ.

ತ್ರಿಕೋನವನ್ನು ಗಾಡಿಯ ಹಿಂದೆ ಕನಿಷ್ಠ 50 ಮೀಟರ್ ದೂರದಲ್ಲಿಡಿ. ತಿರುವು ಇದ್ದರೆ ತಿರುವಿಗೂ ಮುಂಚೆ ಇಡಿ. ಅದರ ಬದಲು ಕಲ್ಲು ಜೋಡಿಸುವವರು ತುಂಬಾ ಜನ. ಕೆಲಸ ಮುಗಿದ ಮೇಲೆ ಅದೇ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ರಾತ್ರಿ ಬೈಕಿನವರು ಅದರ ಮೇಲೆ ಹತ್ತಿ ಬೀಳುತ್ತಾರೆ. ದಯವಿಟ್ಟು ಕಲ್ಲು ಇಡಲೇಬೇಡಿ. ಇಟ್ಟರೆ ತೆಗೆದೇ ಹೊರಡಿ.

2. ಗಾಡಿ ಅಲುಗದಂತೆ ಕಟ್ಟಿಹಾಕಿ. ಫೋರ್ ಬೈ ಫೋರ್ ಗಾಡಿಯಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇಲ್ಲಿದೆ. ಗಾಡಿ 2ಎಚ್‌ನಲ್ಲಿದೆ ಅಂದುಕೊಳ್ಳಿ, ಅಂದರೆ ಹಿಂದಿನ ಚಕ್ರಗಳಿಗಷ್ಟೇ ಎಂಜಿನ್ ಬಲ ಹೋಗುತ್ತಿದೆ. ಆಗ ಹಿಂದಿನ ಒಂದು ಚಕ್ರ ಎತ್ತಿದರೆ ಗೇರ್‌ನಲ್ಲಿಟ್ಟ ಗಾಡಿಯೂ ಉರುಳಬಹುದು. ಕಾರಣ ಡಿಫರೆನ್ಷಿಯಲ್. ಇದು ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಪೆಟ್ಟಿಗೆ. ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗಿದರೆ ನೆಲದ ಮೇಲಿನದು ಮುಂದಕ್ಕೆ ತಿರುಗುತ್ತದೆ. ಗೇರ್ ಏನೂ ತಡೆಯುವುದಿಲ್ಲ.

ಹಾಗಾಗಿ ಎಂಜಿನ್ ಆಫ್ ಮಾಡುವ ಮುಂಚೆಯೇ 4ಎಲ್‌ಗೆ, ಅಂದರೆ ನಾಲ್ಕೂ ಚಕ್ರಕ್ಕೆ ಕಡಿಮೆ ವೇಗದಲ್ಲಿ ಬಲ ಹೋಗುವ ಸ್ಥಾನಕ್ಕೆ, ಹಾಕಿ. ಆಮೇಲೆ ಮೊದಲ ಗೇರ್ ಹಾಕಿ. ಆಟೋಮ್ಯಾಟಿಕ್ ಆದರೆ ಪಿ. ಈಗ ಮುಂದಿನ ಆಕ್ಸಲ್ (ಎರಡು ಚಕ್ರ ಕೂಡಿಸುವ ಅಚ್ಚು), ಹಿಂದಿನ ಆಕ್ಸಲ್ ಒಂದಕ್ಕೊಂದು ಕೂಡಿಕೊಂಡಿವೆ. ಯಾವ ಮೂಲೆ ಎತ್ತಿದರೂ ಇನ್ನೊಂದು ಆಕ್ಸಲ್ ಹಿಡಿದುಕೊಳ್ಳುತ್ತದೆ. ಥಾರ್‌ನಂಥ ಗಾಡಿಯಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಬಲ, ಸಾಮಾನ್ಯ ವೇಗ) ಮತ್ತು 4ಎಲ್ ನಡುವೆ ಎನ್, ಅಂದರೆ ನ್ಯೂಟ್ರಲ್ ಇದೆ. ಲಿವರ್ ಅಲ್ಲಿ ನಿಂತುಬಿಟ್ಟರೆ ಗೇರ್ ಬಾಕ್ಸಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಪಿ ಹಾಕಿದ್ದರೂ ಉರುಳುತ್ತದೆ. ಲಿವರ್ ಪೂರ್ತಿ ಕೂತಿದೆಯಾ ಅಂತ ಎರಡು ಸಲ ನೋಡಿ.

ಹ್ಯಾಂಡ್ ಬ್ರೇಕ್ ಎಳೆಯಿರಿ. ಅದನ್ನೊಂದನ್ನೇ ನಂಬಬೇಡಿ. ಹಳೆಯ ಲ್ಯಾಂಡ್ ರೋವರ್‌ಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಹಿಂದಕ್ಕೆ ಹೋಗುವ ಪ್ರೊಪೆಲರ್ ಶಾಫ್ಟನ್ನು ಹಿಡಿಯುತ್ತದೆ. ಅಲ್ಲೂ ಡಿಫರೆನ್ಷಿಯಲ್‌ನದ್ದೇ ತೊಂದರೆ. ಕೊನೆಗೆ ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ದಿಮ್ಮಿ. ಎತ್ತುವ ಚಕ್ರಕ್ಕೆ ಕರ್ಣರೇಖೆಯಲ್ಲಿ ಎದುರಿರುವ ಚಕ್ರದ ಹಿಂದೆ ಒಂದು, ಮುಂದೆ ಒಂದು ದಿಮ್ಮಿ ಕೊಡಿ. ಎಲ್ಲರನ್ನೂ ಇಳಿಸಿ. ಕೀಲಿ ನಿಮ್ಮ ಜೇಬಿನಲ್ಲಿರಲಿ. 4ಎಲ್‌ನಲ್ಲಿ, ಒಂದು ಚಕ್ರ ಗಾಳಿಯಲ್ಲಿರುವಾಗ ಯಾರಾದರೂ ಎಸಿ ಬೇಕೆಂದು ಸ್ಟಾರ್ಟ್ ಮಾಡಿದರೆ ಗಾಡಿ ಜಾಕಿಯಿಂದ ನೆಗೆದುಬಿಡಬಹುದು.

3. ಮೊದಲು ಸ್ಟೆಪ್ನಿ ಇಳಿಸಿ. ಗಾಡಿ ಎತ್ತಿದ ಮೇಲಲ್ಲ, ಎತ್ತುವ ಮುಂಚೆ. ಥಾರ್, ಜಿಮ್ನಿ, ಗೂರ್ಖಾದಲ್ಲಿ ಅದು ಹಿಂಬಾಗಿಲಿನ ಮೇಲಿರುತ್ತದೆ. ಜಾಕಿಯ ಮೇಲೆ ನಿಂತ ಗಾಡಿಯಿಂದ 30 ಕೆ.ಜಿ. ಚಕ್ರ ಎಳೆದರೆ ಗಾಡಿ ಅಲುಗುತ್ತದೆ. ನಟ್ ಬಿಚ್ಚುವಾಗ ಮೊಣಕಾಲಿನಿಂದ ಚಕ್ರಕ್ಕೆ ಆನಿಕೆ ಕೊಡಿ. ಆಮೇಲೆ ಎದೆಗೆ ಒತ್ತಿಕೊಂಡು, ತೊಡೆಯ ಮೇಲೆ ಜಾರಿಸುತ್ತಾ ನೆಲಕ್ಕಿಳಿಸಿ.

ಫಾರ್ಚೂನರ್, ಸ್ಕಾರ್ಪಿಯೋ-ಎನ್‌ನಲ್ಲಿ ಸ್ಟೆಪ್ನಿ ಗಾಡಿಯ ಹೊಟ್ಟೆಯ ಕೆಳಗೆ ನೇತಾಡುತ್ತಿರುತ್ತದೆ. ಹಿಂದಿನಿಂದ ಸರಳು ತೂರಿಸಿ ತಿರುಗಿಸಿದರೆ ಇಳಿಯುತ್ತದೆ. ಗೋವಾ, ಮುಂಬೈಯವರಿಗೆ ಒಂದು ಸೂಚನೆ: ಉಪ್ಪುಗಾಳಿ ಮತ್ತು ಮಳೆಗೆ ಈ ಕಟ್ಟು ತುಕ್ಕು ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಇಳಿಸಿ, ತೊಳೆದು, ಗ್ರೀಸ್ ಹಚ್ಚಿ. ಸ್ಟೆಪ್ನಿಯ ಗಾಳಿಯನ್ನೂ ಆಗಲೇ ನೋಡಿ.

4. ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲಿಸಿ. ಅರ್ಧ ಸುತ್ತು ಸಾಕು. ಪಾನಾದ ಹಿಡಿ ನಿಮ್ಮ ಎಡಕ್ಕೆ ಬರುವಂತೆ ಅಡ್ಡಲಾಗಿ ಕೂರಿಸಿ, ಕೆಳಕ್ಕೆ ಒತ್ತಿ. ಮೇಲಕ್ಕೆ ಎಳೆದರೆ ಸೊಂಟಕ್ಕೆ ಕೆಲಸ, ಕೆಳಕ್ಕೆ ಒತ್ತಿದರೆ ನಿಮ್ಮ ಮೈಭಾರವೇ ಕೆಲಸ ಮಾಡುತ್ತದೆ. ಬರದಿದ್ದರೆ ಪೈಪ್ ಹಾಕಿ. ಪಾನಾದ ಮೇಲೆ ಹತ್ತಿ ಕುಣಿಯಬೇಡಿ. ಅದು ಜಾರಿದರೆ ಮೊಣಕಾಲು ಹೋಗುತ್ತದೆ, ನಟ್‌ನ ಮೂಲೆಯೂ ಸವೆದುಹೋಗುತ್ತದೆ.

5. ಜಾಕಿ ಕೊಡಿ. ಎಲ್ಲಿ ಕೊಡಬೇಕೆಂದು ಗಾಡಿಯ ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ಅದನ್ನು ಇವತ್ತೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಿಂದೆ ಗಟ್ಟಿ ಆಕ್ಸಲ್ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಚಕ್ರದ ಹತ್ತಿರ, ಆಕ್ಸಲ್ ಕೊಳವೆಯ ಕೆಳಗೆ ಕೊಡುತ್ತಾರೆ. ಇದರಿಂದ ಒಂದು ಲಾಭ ಇದೆ. ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಕೊಟ್ಟರೆ ಸಸ್ಪೆನ್ಷನ್ ಕೆಳಕ್ಕೆ ಜೋತುಬಿದ್ದು ಜಾಕಿ ತುಂಬಾ ಏಳಬೇಕಾಗುತ್ತದೆ. ಆಕ್ಸಲ್‌ಗೆ ಕೊಟ್ಟರೆ ಚಕ್ರ ಬೇಗ ನೆಲ ಬಿಡುತ್ತದೆ. ಎಂಜಿನ್ ಎಣ್ಣೆ ತೊಟ್ಟಿ, ಗೇರ್ ಬಾಕ್ಸ್, ಸ್ಟಿಯರಿಂಗ್ ಕಡ್ಡಿಗಳಿಗೆ ಮಾತ್ರ ಎಂದೂ ಕೊಡಬೇಡಿ.

ಜಾಕಿಯ ಕೆಳಗೆ ಹಲಗೆ ಇರಲೇಬೇಕು. ಮಳೆಗಾಲದಲ್ಲಿ ಕೊಂಕಣ, ಗೋವಾದ ಕೆಂಪು ಮಣ್ಣು ಮೇಲೆ ಗಟ್ಟಿಯಾಗಿ ಕಾಣುತ್ತದೆ. ಭಾರ ಬಿದ್ದ ಕೂಡಲೇ ಜಾಕಿ ಓರೆಯಾಗಿ ಒಳಗಿಳಿಯುತ್ತದೆ. ಪಕ್ಕದಲ್ಲಿ ಬಿದ್ದಿರುವ ಕೆಂಪು ಕಲ್ಲು, ಇಟ್ಟಿಗೆ ಇಟ್ಟು ಎತ್ತರಿಸುವುದು ಇನ್ನೂ ಅಪಾಯ. ಕೆಂಪು ಕಲ್ಲು ಒತ್ತಡಕ್ಕೆ ಪುಡಿಯಾಗುತ್ತದೆ, ಅದೂ ಏಕಾಏಕಿ.

ಸ್ವಲ್ಪ ಎತ್ತಿ, ನಿಲ್ಲಿಸಿ, ಜಾಕಿ ನೆಟ್ಟಗಿದೆಯಾ ನೋಡಿ. ಓರೆಯಾಗಿದ್ದರೆ ಇಳಿಸಿ ಮತ್ತೆ ಶುರು ಮಾಡಿ. ಬಿಚ್ಚುವವರೆಗೆ ಸ್ಟೆಪ್ನಿಯನ್ನು ಜಾಕಿಯ ಪಕ್ಕ ಚಾಸಿಯ ಕೆಳಗೆ ಮಲಗಿಸಿಡಿ. ಜಾಕಿ ಕೈಕೊಟ್ಟರೂ ಗಾಡಿ ಅದರ ಮೇಲೆ ಕೂರುತ್ತದೆ. ಚಕ್ರ ಬಿಚ್ಚಿದ ಮೇಲೆ ಅದನ್ನು ಅಲ್ಲಿ ಮಲಗಿಸಿ, ಸ್ಟೆಪ್ನಿಯನ್ನು ಎಳೆದುಕೊಳ್ಳಿ. ಮೈಯ ಯಾವ ಭಾಗವೂ ಗಾಡಿಯ ಕೆಳಗೆ ಹೋಗಬಾರದು.

6. ಚಕ್ರ ತೆಗೆಯಿರಿ. ನಟ್ ಎಲ್ಲಾ ಬಿಚ್ಚಿದರೂ ಅಲಾಯ್ ಚಕ್ರ ಹಬ್‌ಗೆ, ಅಂದರೆ ಅದು ಕೂರುವ ನಡುವಿನ ಗುಂಬಕ್ಕೆ, ಅಂಟಿಕೊಂಡಿರಬಹುದು. ಸಮುದ್ರ ಬದಿಯ ಊರುಗಳಲ್ಲಿ ಇದು ಸಾಮಾನ್ಯ. ಆಗ ಜಾಕಿಯ ಮೇಲಿರುವ ಗಾಡಿಗೆ ಒದೆಯಬೇಡಿ. ನಟ್‌ಗಳನ್ನು ಮತ್ತೆ ಹಾಕಿ, ಕೈಯಿಂದ ಬಿಗಿ ಮಾಡಿ, ಒಂದೊಂದು ಸುತ್ತು ಸಡಿಲ ಬಿಡಿ. ಗಾಡಿ ಕೆಳಗಿಳಿಸಿ, ದಿಮ್ಮಿ ತೆಗೆದು, ಒಂದೆರಡು ಅಡಿ ಮಾತ್ರ ನಿಧಾನವಾಗಿ ಹಿಂದೆ ಮುಂದೆ ಸರಿಸಿ. ಟಕ್ ಅಂತ ಸದ್ದು ಬಂದು ಬಿಟ್ಟುಕೊಳ್ಳುತ್ತದೆ. ಮತ್ತೆ ಎರಡನೇ ಹಂತದಿಂದ ಶುರು ಮಾಡಿ.

7. ಹೊಸ ಚಕ್ರ ಕೂರಿಸಿ. ಭಾರದ ಕೆಲಸ ಇದೇ. ಗಾಳಿ ತುಂಬಿದ ಚಕ್ರಕ್ಕೆ ಪಂಕ್ಚರ್ ಆದದ್ದಕ್ಕಿಂತ ಜಾಸ್ತಿ ಎತ್ತರ ಬೇಕು. ಆದರೆ ಅತಿಯಾಗಿ ಎತ್ತಬೇಡಿ. ಚಕ್ರವನ್ನು ಹಬ್ ಮುಂದೆ ನಿಲ್ಲಿಸಿದರೆ ರಿಮ್‌ನ ತೂತುಗಳು ಸ್ಟಡ್‌ಗಳಿಗಿಂತ ಎರಡು ಮೂರು ಸೆಂಟಿಮೀಟರ್ ಮಾತ್ರ ಕೆಳಗಿರಬೇಕು. ಸ್ಟಡ್ ಅಂದರೆ ಹಬ್‌ನಿಂದ ಹೊರಚಾಚಿರುವ, ನಟ್ ಕೂರುವ ಬೋಲ್ಟ್. ನೀವು ಎತ್ತಬೇಕಾದದ್ದು ಅಷ್ಟೇ ಅಂತರ.

ಹಬ್ ತಿರುಗುವಂತಿದ್ದರೆ ಒಂದು ಸ್ಟಡ್ ನೇರ ಮೇಲೆ ಬರುವಂತೆ ತಿರುಗಿಸಿ. 4ಎಲ್‌ನಲ್ಲಿರುವುದರಿಂದ ತಿರುಗದಿದ್ದರೆ ಬಿಡಿ, ಸ್ಟಡ್ ಇರುವ ಕೋನಕ್ಕೆ ಚಕ್ರವನ್ನೇ ಉರುಳಿಸಿ ಹೊಂದಿಸಿ. ಈಗ ನೆಲದ ಮೇಲೆ ಕೂತುಬಿಡಿ. ಹಾರೆಯ ತುದಿಯನ್ನು ಟೈರ್ ಕೆಳಗೆ ತೂರಿಸಿ, ಅದರಡಿ ಒಂದು ಸಣ್ಣ ಕಲ್ಲು ಕೊಟ್ಟು, ಇನ್ನೊಂದು ತುದಿಯನ್ನು ಪಾದದಿಂದ ಒತ್ತಿ. ಚಕ್ರ ಸಲೀಸಾಗಿ ಏಳುತ್ತದೆ. ಎರಡೂ ಕೈ ಚಕ್ರ ಹೊಂದಿಸಲು ಖಾಲಿ ಇರುತ್ತವೆ. ಮೇಲಿನ ಸ್ಟಡ್ ಮೊದಲು ಹೊಗಿಸಿ, ತಕ್ಷಣ ಅದಕ್ಕೊಂದು ನಟ್ ಹಾಕಿ. ಚಕ್ರ ಅಲ್ಲೇ ನೇತಾಡುತ್ತದೆ. ಉಳಿದವು ಸುಲಭ. ಹಾರೆ ಇಲ್ಲವಾ? ಕೂತು, ಎರಡೂ ಪಾದಗಳ ಮುಂಭಾಗವನ್ನು ಟೈರ್ ಕೆಳಗಿಟ್ಟು, ಹಿಮ್ಮಡಿ ನೆಲದಲ್ಲೇ ಊರಿ ಎತ್ತಿ. ಗಟ್ಟಿ ಬೂಟು ಇದ್ದರೆ ಮಾತ್ರ.

ಕೂರಿಸುವ ಮುಂಚೆ ಹಬ್‌ನ ಮುಖ ಮತ್ತು ರಿಮ್‌ನ ಹಿಂಭಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿ. ನಡುವೆ ಮಣ್ಣು, ತುಕ್ಕು ಉಳಿದರೆ ಇವತ್ತು ಬಿಗಿಯಾದ ನಟ್ ನಾಳೆ ಸಡಿಲ ಆಗುತ್ತದೆ. ಸ್ಟಡ್‌ಗೆ ಎಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ಅದೇ ಬಲಕ್ಕೆ ನಟ್ ಮಿತಿ ಮೀರಿ ಬಿಗಿಯಾಗಿ ಸ್ಟಡ್ ಎಳೆದುಕೊಳ್ಳುತ್ತದೆ.

8. ಬಿಗಿ ಮಾಡಿ. ಎಲ್ಲಾ ನಟ್‌ಗಳನ್ನೂ ಮೊದಲು ಬರೀ ಬೆರಳಿನಿಂದ ತಿರುಗಿಸಿ. ಬೆರಳಿಗೆ ತಿರುಗದ ನಟ್ ಓರೆಯಾಗಿ ಕೂತಿದೆ ಅಂತ ಅರ್ಥ. ಪಾನಾ ಹಾಕಿ ಒತ್ತಾಯ ಮಾಡಬೇಡಿ, ಬಿಚ್ಚಿ ಮತ್ತೆ ಹಾಕಿ. ಆಮೇಲೆ ಪಾನಾದಲ್ಲಿ ಹಗುರವಾಗಿ ಬಿಗಿದು, ಗಾಡಿ ಇಳಿಸಿ, ಚಕ್ರ ನೆಲಕ್ಕೆ ಕೂತ ಮೇಲೆ ಪೂರ್ತಿ ಬಿಗಿಯಿರಿ. ಪಕ್ಕದ್ದಕ್ಕೆ ಪಕ್ಕದ್ದು ಬಿಗಿಯಬೇಡಿ, ಎದುರಿನದಕ್ಕೆ ಎದುರಿನದು. ಐದು ನಟ್ ಇದ್ದರೆ ಒಂದು ಬಿಟ್ಟು ಒಂದು. ಹಿಡಿ ಈಗ ನಿಮ್ಮ ಬಲಕ್ಕೆ, ಒತ್ತುವುದು ಕೆಳಕ್ಕೆ.

ಎಷ್ಟು ಬಿಗಿ? ನಿಮ್ಮ ಗಾಡಿಯ ನಿಖರ ಅಂಕಿ ಕೈಪಿಡಿಯಲ್ಲಿದೆ. ಈ ವರ್ಗದ ಬಹುತೇಕ ಗಾಡಿಗಳಿಗೆ ಅದು 100ರಿಂದ 150 ನ್ಯೂಟನ್ ಮೀಟರ್ ನಡುವೆ ಇರುತ್ತದೆ. 120 ಅಂದರೆ 40 ಸೆಂ.ಮೀ. ಉದ್ದದ ಪಾನಾದ ತುದಿಗೆ ಸುಮಾರು 30 ಕೆ.ಜಿ. ಭಾರ ಹಾಕಿದಷ್ಟು. ಮೈಭಾರವನ್ನೆಲ್ಲಾ ಹಾಕುವುದು ಬೇಡ. ಬಿಗಿಯುವಾಗ ಪೈಪ್ ಹಾಕಲೇಬೇಡಿ. ಮನೆಯಲ್ಲಿ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು. ನಿಗದಿ ಮಾಡಿದ ಬಲ ಬಂದಾಗ ಕಟ್ ಅನ್ನುವ ಪಾನಾ ಅದು.

ಹೊರಡುವ ಮುಂಚೆ 2ಎಚ್‌ಗೆ ವಾಪಸ್ ಹಾಕಿ. ಮರೆತು 4ಎಲ್‌ನಲ್ಲೇ ಡಾಂಬರು ರಸ್ತೆಗೆ ಹತ್ತುವವರು ಇದ್ದಾರೆ.

ರೊಟೇಶನ್: ಐದು ಚಕ್ರ, ಒಂದು ಸುತ್ತು

ಈಗ ಹೊಸ ಸ್ಟೆಪ್ನಿಯ ಲೆಕ್ಕ. ನಿಮ್ಮ ನಾಲ್ಕು ಟೈರ್‌ಗಳ ಗುಬ್ಬಿ 4 ಮಿ.ಮೀ. ಉಳಿದಿದೆ, ಸ್ಟೆಪ್ನಿಯದ್ದು 8 ಮಿ.ಮೀ. ಇದೆ ಅನ್ನಿ. ತ್ರಿಜ್ಯದಲ್ಲಿ 4 ಮಿ.ಮೀ. ವ್ಯತ್ಯಾಸ ಅಂದರೆ ಸುತ್ತಳತೆಯಲ್ಲಿ 25 ಮಿ.ಮೀ. 255/65 ಆರ್18 ಅಳತೆಯ ಟೈರ್ ಒಂದು ಕಿಲೋಮೀಟರಿಗೆ ಸುಮಾರು 400 ಸುತ್ತು ತಿರುಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಒಂದು ಚಕ್ರ ಸುಮಾರು 10 ಮೀಟರ್ ಲೆಕ್ಕ ತಪ್ಪುತ್ತದೆ. 4ಎಚ್‌ನಲ್ಲಿ ಮುಂದಿನ, ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ಚಕ್ರ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲು ಆಗುವುದಿಲ್ಲ, ಆ ಒತ್ತಡವೆಲ್ಲಾ ಶಾಫ್ಟ್ ಮತ್ತು ಗೇರ್‌ಗಳ ಮೇಲೆ ಬೀಳುತ್ತದೆ. ಟೈರ್ ಉಳಿಸಲು ಹೋಗಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಕಳೆದುಕೊಳ್ಳುವುದು ಬೇಡ ಅಲ್ವಾ? ಟೈರ್‌ಗಳ ನಡುವೆ 2-3 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬರಲು ಬಿಡಬೇಡಿ. ದಾರಿಯಲ್ಲಿ ಹೊಸ ಸ್ಟೆಪ್ನಿ ಹಾಕಲೇಬೇಕಾಗಿ ಬಂದರೆ ಅದು ಇರುವವರೆಗೆ 2ಎಚ್‌ನಲ್ಲೇ ಓಡಿಸಿ.

ಸುತ್ತು ಹೀಗೆ:

ಸ್ಟೆಪ್ನಿ → ಬಲ ಹಿಂದೆ → ಬಲ ಮುಂದೆ → ಎಡ ಹಿಂದೆ → ಎಡ ಮುಂದೆ → ಸ್ಟೆಪ್ನಿ.

ಈ ಕ್ರಮದಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಏನೆಂದರೆ, ಒಂದು ಸಲಕ್ಕೆ ಒಂದೇ ಮೂಲೆ ಎತ್ತಿದರೆ ಸಾಕು. ನಾಲ್ಕೇ ಚಕ್ರ ಅದಲು ಬದಲು ಮಾಡಲು ಹೋದರೆ ಎರಡು ಮೂಲೆ ಒಟ್ಟಿಗೆ ಗಾಳಿಯಲ್ಲಿರಬೇಕು, ಜಾಕ್ ಸ್ಟ್ಯಾಂಡ್ (ಎತ್ತಿದ ಗಾಡಿಯನ್ನು ಹೊರುವ ಗಟ್ಟಿ ಕಾಲು) ಬೇಕು. ಇಲ್ಲಿ ಬಲ ಹಿಂದಿನದು ಬಿಚ್ಚಿ ಸ್ಟೆಪ್ನಿ ಹಾಕಿ, ಇಳಿಸಿ. ಕೈಯಲ್ಲಿರುವ ಚಕ್ರವನ್ನು ಬಲ ಮುಂದಕ್ಕೆ ಉರುಳಿಸಿಕೊಂಡು ಹೋಗಿ. ಹೀಗೆ ನಾಲ್ಕು ಮೂಲೆ ಆಗುವಷ್ಟರಲ್ಲಿ ಎಡ ಮುಂದಿನದು ಕೈಯಲ್ಲಿ ಉಳಿಯುತ್ತದೆ. ಅದೇ ಹೊಸ ಸ್ಟೆಪ್ನಿ. ಪ್ರತಿ ಮೂಲೆಗೂ ದಿಮ್ಮಿಯ ಜಾಗ ಬದಲಿಸುವುದು ಮರೆಯಬೇಡಿ. ಮನೆಯಲ್ಲಿ ನಿಧಾನವಾಗಿ ಮಾಡುವುದರಿಂದ ಎತ್ತಿದ ಮೂಲೆಗೆ ಒಂದು ಜಾಕ್ ಸ್ಟ್ಯಾಂಡ್ ಕೊಟ್ಟರೆ ಇನ್ನೂ ನಿಶ್ಚಿಂತೆ. ಶುರು ಮಾಡುವ ಮುಂಚೆ ಪ್ರತಿ ಟೈರ್ ಮೇಲೆ ಅದು ಎಲ್ಲಿಂದ ಬಂತೆಂದು ಚಾಕ್‌ನಲ್ಲಿ ಬರೆಯಿರಿ.

8,000ದಿಂದ 10,000 ಕಿ.ಮೀ.ಗೆ ಒಮ್ಮೆ ಮಾಡಿದರೆ ಸಾಕು. ಮಣ್ಣುದಾರಿಯ ಟೈರ್ ಆದರೆ 5,000ಕ್ಕೇ ಮಾಡಿ. ಘಾಟಿಯಲ್ಲಿ ಜಾಸ್ತಿ ಓಡುವ ಗಾಡಿಯ ಮುಂದಿನ ಟೈರ್‌ಗಳ ಅಂಚು ಬೇಗ ಸವೆಯುತ್ತದೆ.

ಈ ಸುತ್ತು ಎಲ್ಲರಿಗೂ ಹೊಂದುವುದಿಲ್ಲ. ಟೈರ್‌ನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದರೆ ಎಡದ್ದು ಬಲಕ್ಕೆ ಹೋಗಬಾರದು. ಆಗ ಹಿಂದಿನದು ಮುಂದೆ, ಮುಂದಿನದು ಹಿಂದೆ, ಅಷ್ಟೇ. ಸ್ಟೆಪ್ನಿಯ ಅಳತೆ ಉಳಿದವಕ್ಕಿಂತ ಬೇರೆ ಇದ್ದರೆ ಅದನ್ನು ಸೇರಿಸಬೇಡಿ. ಸ್ಟೆಪ್ನಿ ಕಬ್ಬಿಣದ ರಿಮ್, ಉಳಿದವು ಅಲಾಯ್ ಆಗಿದ್ದರೆ ನಟ್ ಎರಡಕ್ಕೂ ಹೊಂದುತ್ತದಾ ಎಂದು ಕೈಪಿಡಿಯಲ್ಲಿ ನೋಡಿ. ಕೆಲವು ನಟ್‌ಗಳ ತಳ ಶಂಕುವಿನಂತೆ ಓರೆ, ಕೆಲವುದರದ್ದು ಚಪ್ಪಟೆ. ತಪ್ಪಾದದ್ದು ಹಾಕಿದರೆ ಬಿಗಿಯಾದಂತೆ ಕಂಡರೂ ಬಿಗಿ ಇರುವುದಿಲ್ಲ.

ಟೈರ್‌ನ ಒಂದೇ ಬದಿ ಸವೆದಿದ್ದರೆ ರೊಟೇಶನ್ ಅದಕ್ಕೆ ಮದ್ದಲ್ಲ. ಮೊದಲು ಅಲೈನ್‌ಮೆಂಟ್ ಮಾಡಿಸಿ. ಗುಬ್ಬಿ 1.6 ಮಿ.ಮೀ.ಗೆ ಬಂದರೆ ಟೈರ್ ಮುಗಿಯಿತು. ನಮ್ಮ ಕಡೆಯ ಮಳೆಗೆ 3 ಮಿ.ಮೀ.ಗೇ ಬದಲಿಸಿ ಅನ್ನುವುದು ನನ್ನ ಸಲಹೆ. ವಯಸ್ಸನ್ನೂ ನೋಡಿ: ಟೈರ್ ಪಕ್ಕದಲ್ಲಿರುವ ನಾಲ್ಕು ಅಂಕಿಯಲ್ಲಿ 2322 ಅಂತಿದ್ದರೆ 2022ರ 23ನೇ ವಾರದಲ್ಲಿ ತಯಾರಾದದ್ದು.

ಮುಂದಿನ, ಹಿಂದಿನ ಟೈರ್‌ಗಳ ಗಾಳಿ ಬೇರೆ ಬೇರೆ ಇರುವ ಗಾಡಿಗಳಲ್ಲಿ ರೊಟೇಶನ್ ಆದ ಮೇಲೆ ಗಾಳಿ ಮತ್ತೆ ಹೊಂದಿಸಿ. ಎಷ್ಟು ಎಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಟೈರ್‌ನೊಳಗೆ ಗಾಳಿ ತಿಳಿಸುವ ಸೆನ್ಸರ್ ಇದ್ದರೆ ಅದಕ್ಕೂ ಹೊಸ ಜಾಗ ಕಲಿಸಬೇಕಾಗಬಹುದು.

ಅಂಗಡಿಯಲ್ಲಿ ಮಾಡಿಸುವವರಿಗೆ

ಸುಮ್ನೆ ಕೂತು ಚಹಾ ಕುಡಿಯಬೇಡಿ, ಪಕ್ಕದಲ್ಲಿ ನಿಲ್ಲಿ. ಗಾಳಿ ಗನ್‌ನಲ್ಲಿ ನಟ್ ಬಿಗಿಯುವುದು ಎಲ್ಲಾ ಕಡೆ ರೂಢಿ. ಅದು ಎಷ್ಟು ಬಲ ಹಾಕಿತೆಂದು ಯಾರಿಗೂ ತಿಳಿಯದು. ಆ ನಟ್ ಘಾಟಿಯಲ್ಲಿ ಮಳೆ ಸುರಿಯುವಾಗ ನಿಮ್ಮ ಪಾನಾಕ್ಕೆ ಜಗ್ಗುವುದಿಲ್ಲ, ಕೆಲವೊಮ್ಮೆ ಸ್ಟಡ್ಡೇ ಮುರಿಯುತ್ತದೆ. ಪುಣೆ, ಮುಂಬೈಯಲ್ಲಾದರೆ "ಗನ್ ನಕೋ, ಪಾನ್ಯಾನೆ ಆವಳಾ" ಎನ್ನಿ. ಗನ್ ಬೇಡ, ಪಾನಾದಿಂದ ಬಿಗಿಯಿರಿ ಅಂತ. ಬೇಸರ ಮಾಡಿಕೊಳ್ಳದೆ ಮಾಡಿಕೊಡುತ್ತಾರೆ. ಐದು ಚಕ್ರದ ಸುತ್ತನ್ನು ಚೀಟಿಯಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಹೆಚ್ಚಿನವರು ನಾಲ್ಕನ್ನೇ ಅದಲು ಬದಲು ಮಾಡಿ ಸ್ಟೆಪ್ನಿ ಬಿಟ್ಟುಬಿಡುತ್ತಾರೆ.

ಮನೆಯಲ್ಲಿ ಮಾಡಿದರೂ, ಅಂಗಡಿಯಲ್ಲಿ ಮಾಡಿಸಿದರೂ, 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಪಾನಾ ಹಾಕಿ ನೋಡಿ. ಮುಂಬೈಯಿಂದ ಹೊರಟವರು ಲೋಣಾವಳದಲ್ಲಿ ನೋಡಬಹುದು. ಪುಣೆಯಿಂದ ಹೊರಟವರು ಸಾತಾರಾ ದಾಟುವ ಮುಂಚೆ ನೋಡಿ. ಪಂಕ್ಚರ್ ಆದ ಚಕ್ರವನ್ನೂ ಮೊದಲು ಸಿಗುವ ಊರಿನಲ್ಲೇ ಸರಿ ಮಾಡಿಸಿ. ಅದು ಸರಿಯಾಗುವವರೆಗೆ ನಿಮ್ಮ ಹತ್ತಿರ ಸ್ಟೆಪ್ನಿ ಇಲ್ಲ.